ಪೆರುವಿನ ಸಿಹಿಗೆ ಕೊಂಗುನಾಡಿನ ಬೆಲ್ಲ

ಅಕ್ಕಿ, ಹಾಲು, ಕಪ್ಪು ಬೆಲ್ಲ, ತೆಂಗಿನಕಾಯಿ, ಒಣದ್ರಾಕ್ಷಿ, ಚಕ್ಕೆ, ಲವಂಗ. ಈ ಚೀಟಿ ಹಿಡಿದು ಉಡುಮಲಪೇಟೆಯ ಯಾವ ದಿನಸಿ ಅಂಗಡಿಗೆ ಹೋದರೂ ಮನೆಯಲ್ಲಿ ಹಬ್ಬವೋ ಹರಕೆಯೋ ಇರಬೇಕು ಅಂದುಕೊಳ್ಳುತ್ತಾರೆ. ಇದು ಭೂಮಿಯ ಆ ಮಗ್ಗುಲಿನ ಪೆರು ದೇಶದ ತಿನಿಸಿನ ಚೀಟಿ. ಕೊಂಗುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಗಡಿ ದಾಟದೆ ಇದರ ಬಹುಪಾಲು ಸಾಮಾನು ಸಿಗುತ್ತದೆ. ಅಲ್ಲಿನವರು ಕೈಯಾಡಿಸುವ ಬಗೆಯನ್ನಷ್ಟೇ ನಾವು ಕಲಿಯಬೇಕು.

ಪೆರುವಿನಲ್ಲಿ ಅಕ್ಕಿಯ ಸಿಹಿ ಎರಡು ಬಗೆ. ಬಿಳಿಯದು ಅರ್ರೋಸ್ ಕೊನ್ ಲೆಚೆ. ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿದ ನೀರಿನಲ್ಲಿ ಅಕ್ಕಿ ಬೇಯಿಸಿ, ಡಬ್ಬಿಯ ಗಟ್ಟಿ ಹಾಲು ಸುರಿದು ಮಾಡುವುದು. ಲಿಮಾದ ಬೀದಿಗಳಲ್ಲಿ ಇದರ ಪಕ್ಕಕ್ಕೆ ನೇರಳೆ ಮುಸುಕಿನ ಜೋಳದ ಮಸಮೋರ್ರಾ ಮೊರಾದಾ ಎಂಬ ಅಂಬಲಿಯಂಥ ಸಿಹಿಯನ್ನೂ ಬಡಿಸಿ, ಒಂದೇ ಲೋಟದಲ್ಲಿ ಎರಡು ಬಣ್ಣ ಮಾಡಿ ಕೊಡುತ್ತಾರೆ. ಕಂದು ಬಣ್ಣದ ಇನ್ನೊಂದು ಬಗೆಯೇ ಅರ್ರೋಸ್ ಸಂಬಿತೊ. ಇದಕ್ಕೆ ಸಕ್ಕರೆಯ ಬದಲು ಚಂಕಾಕಾ, ಅಂದರೆ ಕಬ್ಬಿನ ಹಾಲು ಕಾಯಿಸಿ ಅಚ್ಚಿಗೆ ಸುರಿದ ಬೆಲ್ಲ, ಮೇಲೆ ತೆಂಗಿನ ತುರಿ. ಕನ್ನಡದ ಅಡುಗೆಮನೆಗೆ ಹತ್ತಿರದ ನೆಂಟ ಇವನೇ.

ನೆಂಟಸ್ತನ ಬರಿಯ ರುಚಿಯದಲ್ಲ. ಅಕ್ಕಿಯೂ ಕಬ್ಬೂ ಪೆರುವಿನ ಮಣ್ಣಿನ ಬೆಳೆಗಳಲ್ಲ. ನಮ್ಮ ಕಡೆಯಿಂದ ಪಶ್ಚಿಮಕ್ಕೆ ಸಾಗಿ, ಅರಬರ ಕೈಯಲ್ಲಿ ಸ್ಪೇನ್ ಮುಟ್ಟಿ, ಅಲ್ಲಿಂದ ಹಡಗು ಹತ್ತಿದವು. ಸ್ಪೇನಿನಿಂದ ದಂಡೆತ್ತಿ ಬಂದ ಪಿಸಾರೊ ಲಿಮಾ ನಗರ ಕಟ್ಟಿದ್ದು 1535ರಲ್ಲಿ. ಮುಂದೆ ಕರಾವಳಿಯ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದವರು ದುಡಿದರು. ಅಲ್ಲಿ ಗುಲಾಮಗಿರಿ ಕೊನೆಯಾದದ್ದು 1854ರಲ್ಲಿ. ಸಂಬಿತೊ ಎಂಬ ಹೆಸರಿನಲ್ಲೂ ಆ ಕಾಲದ ಮೈಬಣ್ಣದ ಲೆಕ್ಕಾಚಾರ ಅಂಟಿಕೊಂಡಿದೆ.

ಪೆರುವಿನಿಂದ ಈ ಕಡೆಗೂ ಒಂದು ಮರ ಬಂದಿದೆ. ಮಲೇರಿಯಾ ಜ್ವರಕ್ಕೆ ಔಷಧಿ ಕೊಟ್ಟ ಸಿಂಕೋನಾ ಪೆರುವಿನ ರಾಷ್ಟ್ರಲಾಂಛನದಲ್ಲೇ ಇದೆ. ಕೊಯಮತ್ತೂರು ಜಿಲ್ಲೆಯ ವಾಲ್ಪಾರೈ ಬೆಟ್ಟದಲ್ಲಿ ಸಿಂಕೋನಾ ಎಂಬ ಹೆಸರಿನ ಊರೇ ಇದೆ, ಈಗ ಅಲ್ಲಿ ಕಾಣುವುದು ಟೀ ತೋಟ. ಅಂಥ ಕಹಿ ತೊಗಟೆ ಕಳಿಸಿದವರಿಂದ ಒಂದು ಸಿಹಿಯನ್ನೂ ವಸೂಲು ಮಾಡಿಕೊಂಡರೆ ತಪ್ಪೇನಿಲ್ಲ.

ಇನ್ನು ಸಾಮಾನಿನ ವಿಚಾರ. ಅಕ್ಕಿ ಮತ್ತು ಕಬ್ಬು ಎರಡರ ವಂಶಾವಳಿಯನ್ನೂ ತಿದ್ದಿದ ಊರು ಕೊಯಮತ್ತೂರು. ಭತ್ತದ ತಳಿ ಕೇಂದ್ರ, ಕಬ್ಬಿನ ತಳಿ ಸಂಸ್ಥೆ ಎರಡೂ ಇಲ್ಲಿ ಹುಟ್ಟಿದ್ದು 1912ರಲ್ಲೇ. ಕಬ್ಬಿನ ಸಂಸ್ಥೆಯ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ವೆಲ್ಲೈ ಎಂಬ ಕಬ್ಬನ್ನು ಕಾಡುಕಬ್ಬಿನೊಂದಿಗೆ ಕೂಡಿಸಿ ಪಡೆದ ಕೋ 205 ತಳಿ 1918ರಲ್ಲಿ ರೈತರ ಕೈಸೇರಿತು. ಕಬ್ಬಿನ ತಳಿಗಳ ಹೆಸರಿನ ಮುಂದಿರುವ ‘ಕೋ’ ಕೊಯಮತ್ತೂರಿನ ‘ಕೋ’. ಮಂಡ್ಯದ ರೈತರು ಬೆಳೆಯುವ ಕೋ 86032 ಕೂಡ ಇದೇ ಮನೆಯ ಕೂಸು.

ಅಕ್ಕಿಯ ಆಯ್ಕೆಯಲ್ಲಿ ರಾಜಿ ಬೇಡ. ಕುಸುಬಲಕ್ಕಿ ಖಂಡಿತ ಆಗದು. ಅದರ ಪಿಷ್ಟ ಕುದಿಸಿದಾಗಲೇ ಕಾಳಿನೊಳಗೆ ಕಟ್ಟಿಕೊಂಡಿರುತ್ತದೆ, ಎಷ್ಟು ಬೇಯಿಸಿದರೂ ಹಾಲಿಗೆ ಬಿಡುವುದಿಲ್ಲ. ಬಿಳಿ ಪೊನ್ನಿಯ ಹಸಿ ಅಕ್ಕಿ ನಡೆಯುತ್ತದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಬಿರಿಯಾನಿಗೆಂದು ತಂದಿಟ್ಟ ಜೀರಿಗೆ ಸಾಂಬಾ ಇದ್ದರೆ ಇನ್ನೂ ಸೊಗಸು. ಬಾಸ್ಮತಿಯನ್ನು ಡಬ್ಬದಲ್ಲೇ ಬಿಡಿ.

ಬೆಲ್ಲ ಕೊಳ್ಳುವಾಗ ಕಣ್ಣಿಗೆ ಮೋಸಹೋಗಬೇಡಿ. ಹೊಳೆಯುವ ಹಳದಿ ಅಚ್ಚುಗಳಿಗೆ ಆಲೆಮನೆಯಲ್ಲಿ ಹೈಡ್ರೋಸ್ ಪುಡಿ ಬಿದ್ದಿರುವ ಸಾಧ್ಯತೆ ಹೆಚ್ಚು. ಉಡುಮಲಪೇಟೆ ಸೀಮೆಯ ಕಪ್ಪು ಬೆಲ್ಲ, ಇಲ್ಲವೇ ಅಲ್ಲಿಂದ ಚಿನ್ನಾರ್ ಕಾಡಿನ ದಾರಿ ಹಿಡಿದು ಹೋದರೆ ಸಿಗುವ ಮರಯೂರಿನ ಉಂಡೆ ಬೆಲ್ಲ ಪೆರುವಿನ ಚಂಕಾಕಾಕ್ಕೆ ಸಾಟಿ. ತೆಂಗಿನಕಾಯಿಗೆ ಪೊಳ್ಳಾಚಿ ಇದೆ, ಬೇರೆ ಮಾತಿಲ್ಲ.

ತೊಡಕು ಹಾಲಿನದು. ಪೆರುವಿನ ಮನೆಗಳಲ್ಲಿ ಬಳಸುವುದು ಆವಿ ತೆಗೆದ ಡಬ್ಬಿ ಹಾಲು. ಅರೆಕಿಪಾದಲ್ಲಿ 1941ರಲ್ಲಿ ಶುರುವಾದ ಗ್ಲೋರಿಯಾ ಕಂಪನಿಯ ಡಬ್ಬಿ ಅಲ್ಲಿ ಮನೆಮನೆಯ ಮಾತು. ಅದರಲ್ಲಿ ಸಕ್ಕರೆಯಿಲ್ಲ, ಹಾಗಾಗಿ ಮಿಲ್ಕ್‌ಮೇಡ್ ಅದರ ಜಾಗ ತುಂಬಲಾರದು. ಆವಿನ್‌ನ ಕಿತ್ತಳೆ ಪೊಟ್ಟಣದ ಒಂದು ಲೀಟರ್ ಗಟ್ಟಿ ಹಾಲನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಅರ್ಧಕ್ಕಿಂತ ತುಸು ಕಡಿಮೆಯಾಗುವವರೆಗೆ ಕಾಯಿಸಿ ಇಟ್ಟುಕೊಳ್ಳಿ. ಕೆನೆಯನ್ನು ಅಂಚಿನಿಂದ ಕೆರೆದು ಮತ್ತೆ ಹಾಲಿಗೇ ಸೇರಿಸಿ.

ಒಲೆಯ ಮೇಲೆ ಮೊದಲು ನೀರು: ಮೂರು ದೊಡ್ಡ ಲೋಟ, ಸುಮಾರು 600 ಮಿಲಿಲೀಟರ್. ಅದಕ್ಕೆ ಎರಡು ತುಂಡು ಚಕ್ಕೆ, ನಾಲ್ಕು ಲವಂಗ, ಅರ್ಧ ಕಿತ್ತಳೆಯ ಸಿಪ್ಪೆ. ಸಿಪ್ಪೆಯ ಒಳಗಿನ ಬಿಳಿಯನ್ನು ಚಾಕುವಿನಲ್ಲಿ ಹೆರೆದು ತೆಗೆಯದಿದ್ದರೆ ಕಹಿ ಇಳಿಯುತ್ತದೆ. ನೀರು ಕುದಿದು ಮನೆತುಂಬ ಘಮ್ಮೆಂದಾಗ 150 ಗ್ರಾಂ ಅಕ್ಕಿ ಹಾಕಿ. ನಮ್ಮ ಪಾಯಸದಲ್ಲಿ ಪರಿಮಳ ಕೊನೆಗೆ ಬೀಳುವ ಏಲಕ್ಕಿಯದು, ಇಲ್ಲಿ ಅಕ್ಕಿ ಪರಿಮಳವನ್ನು ಕುಡಿದೇ ಬೇಯುತ್ತದೆ. ಸಣ್ಣ ಉರಿಯಲ್ಲಿ ಕಾಳು ಬೆರಳಿಗೆ ಪೂರ್ತಿ ಮೆತ್ತಗಾಗಲಿ. ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯುವುದಿಲ್ಲ ಎಂದು ಹಿರಿಯರು ಹೇಳುವುದು ನಿಜವೇ. ಸಿಹಿಯು ನೀರನ್ನು ತನ್ನ ಕಡೆಗೆ ಎಳೆದುಕೊಂಡು ಪಿಷ್ಟಕ್ಕೆ ಕೊಡದೆ ಸತಾಯಿಸುತ್ತದೆ.

ಈಗ ಕಾಯಿಸಿಟ್ಟ ಹಾಲು, ಹಿಡಿ ಒಣದ್ರಾಕ್ಷಿ, ಅರ್ಧ ಹೋಳು ಕಾಯಿಯ ತುರಿ. ತಳ ಹಿಡಿಯದಂತೆ ಕೈಯಾಡಿಸುತ್ತ ಇನ್ನೊಂದು ಹತ್ತು ನಿಮಿಷ. ಪಕ್ಕದಲ್ಲಿ 200 ಗ್ರಾಂ ಬೆಲ್ಲವನ್ನು ಅರ್ಧ ಲೋಟ ನೀರಲ್ಲಿ ಕರಗಿಸಿ, ಮಣ್ಣು ಕಸ ಸೋಸಿ, ಆರಲು ಬಿಡಿ. ಹಾಲು ಒಡೆಯುವುದು ಇಲ್ಲೇ. ಬೆಲ್ಲದಲ್ಲಿ ಸ್ವಲ್ಪ ಹುಳಿಯೂ ಒಂದಷ್ಟು ಲವಣವೂ ಇರುತ್ತವೆ. ಕುದಿಯುವ ಹಾಲಿಗೆ ಬಿದ್ದರೆ ಹಾಲಿನ ಕೇಸೀನ್ ಗಂಟುಗಟ್ಟುತ್ತದೆ. ಡಬ್ಬಿ ಹಾಲಿನಲ್ಲಿ ಇದನ್ನು ತಡೆಯುವ ಲವಣ ಬೆರೆಸಿರುತ್ತಾರೆ, ಹಾಗಾಗಿ ಪೆರುವಿನ ಹೆಣ್ಣುಮಕ್ಕಳಿಗೆ ಈ ಭಯ ಅಷ್ಟಿಲ್ಲ. ನಾವು ಒಲೆ ಆರಿಸಿ, ಅನ್ನದ ಬಿಸಿ ತಗ್ಗಿದ ಮೇಲೆ ಪಾಕ ಬೆರೆಸಬೇಕು. ಆಮೇಲೆ ಮತ್ತೆ ಕುದಿಸಬಾರದು.

ಏಲಕ್ಕಿ ಹಾಕುವ ಆಸೆ ಬಂದೇ ಬರುತ್ತದೆ. ಹಾಕಬೇಡಿ. ಹಾಕಿದರೆ ಒಳ್ಳೆಯ ಬೆಲ್ಲದ ಪಾಯಸವಾಗುತ್ತದೆ, ಆದರೆ ಪೆರು ಕೈತಪ್ಪುತ್ತದೆ. ಪಚ್ಚಕರ್ಪೂರದ ಮಾತಂತೂ ಎತ್ತಲೇಬೇಡಿ.

ಪಾತ್ರೆ ಬೇಕಿದ್ದರೆ ತಿರುಪ್ಪೂರಿನ ಅನುಪ್ಪರ್‌ಪಾಳೈಯಂ ಇದೆ. ಬನಿಯನ್ ಊರಿನ ನಡುವೆ ಹಿತ್ತಾಳೆ, ತಾಮ್ರ, ಎವರ್‌ಸಿಲ್ವರ್ ಪಾತ್ರೆ ತಯಾರಿಸುವ ಬೀದಿಗಳು. ಊರಿನ ಹೆಸರಿನಲ್ಲಿರುವ ಅನುಪ್ಪರು ಕನ್ನಡ ಮನೆಮಾತಿನ ಒಕ್ಕಲು ಜನ. ಈ ಎರಡು ಜಿಲ್ಲೆಗಳಲ್ಲಿ ಅವರ ಜೊತೆಗೆ ಮಗ್ಗದ ದೇವಾಂಗರು, ಒಕ್ಕಲಿಗರು ಮನೆಯೊಳಗೆ ಕನ್ನಡ, ಹೊರಗೆ ತಮಿಳು, ಬರೆಯಲು ತಮಿಳು ಲಿಪಿ ಎಂಬಂತೆ ತಲೆಮಾರುಗಳಿಂದ ಬಾಳಿದ್ದಾರೆ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು ಎಂಬುದನ್ನು ನಮ್ಮ ಮಕ್ಕಳು ಈಗ ನಂಬುವುದಿಲ್ಲ. ಇಂಥ ಮನೆಗಳಲ್ಲಿ ತೈ ಹಬ್ಬದ ಸಿಹಿ ಪೊಂಗಲ್ ಉಕ್ಕಿಸಿದ ಕೈಗೆ ಸಂಬಿತೊ ಹೊಸ ವಿದ್ಯೆಯೇನಲ್ಲ. ಹಿತ್ತಾಳೆಯಾದರೆ ಕಲಾಯಿ ಹಾಕಿಸಿದ್ದೇ ಆಗಬೇಕು. ಬೆಲ್ಲ, ಹಾಲು ಎರಡೂ ಬರಿ ಹಿತ್ತಾಳೆಗೆ ಆಗಿಬರುವುದಿಲ್ಲ. ದಪ್ಪ ತಳದ ಸ್ಟೀಲ್ ಸಾಕು.

ಬಡಿಸುವುದರಲ್ಲಿ ಎರಡು ದೇಶಗಳ ದಾರಿ ಬೇರೆ. ನಾವು ಬಿಸಿಬಿಸಿ, ಎಲೆಯ ಮೇಲೆ ಹರಿಯುವಂತೆ ಬಡಿಸುತ್ತೇವೆ. ಅವರಿಗೆ ಇದು ಆರಿ, ಚಮಚ ನಿಲ್ಲುವಷ್ಟು ಗಟ್ಟಿಯಾದ ಮೇಲೆ ತಿನ್ನುವ ಸಿಹಿ. ಆರುತ್ತ ಹೋದಂತೆ ಅಕ್ಕಿ ತಾನಾಗಿ ಬಿಗಿಯುವುದರಿಂದ ಇಳಿಸುವಾಗ ಒಂದು ಸೌಟು ಹೆಚ್ಚೇ ತೆಳ್ಳಗಿರಲಿ. ಸಣ್ಣ ಬಟ್ಟಲುಗಳಿಗೆ ಹಾಕಿ, ಚಕ್ಕೆ ಲವಂಗ ಸಿಪ್ಪೆಗಳನ್ನು ಹೆಕ್ಕಿ, ಮೇಲೆ ಚಿಟಿಕೆ ಚಕ್ಕೆ ಪುಡಿ ಮತ್ತು ಮುರಿದ ಅಕ್ರೋಟು ಉದುರಿಸಿ. ಆರು ಜನಕ್ಕೆ ಸಾಕು. ಉಳಿದರೆ ಫ್ರಿಜ್‌ನಲ್ಲಿಟ್ಟು ಮರುದಿನ ತಣ್ಣನೆಯ ಹಾಲು ಬೆರೆಸಿ ಸಡಿಲಿಸಿ. ಹಸಿ ತೆಂಗಿನ ತುರಿ ಇರುವುದರಿಂದ ಅದಕ್ಕಿಂತ ಹೆಚ್ಚು ದಿನ ಇಡುವ ಪದಾರ್ಥವಲ್ಲ.