ಗುಳಿಗೆಯ ನೇಮ

ಅಳ್ನಾವರದ ಸುತ್ತಿನ ಹಳ್ಳಿಗಳಲ್ಲಿ ಯಾರಿಗಾದರೂ ಮೂರ್ಛೆ ಬಂದೊಡನೆ ಕೈಗೆ ಕಬ್ಬಿಣದ ಕೀಲಿಯನ್ನು ಕೊಡುವವರು, ಮೂಗಿಗೆ ಉಳ್ಳಾಗಡ್ಡಿಯನ್ನು ಹಿಡಿಯುವವರು ಇಂದಿಗೂ ಉಂಟು. ಸೆಳೆತವು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀರ್ತಿ ಮಾತ್ರ ಕೀಲಿಗೆ ಸಲ್ಲುತ್ತದೆ!

ಅಪಸ್ಮಾರವು ಗಾಳಿ-ಗ್ರಹಗಳ ಕಾಟವಲ್ಲ. ಮಿದುಳಿನ ವಿದ್ಯುತ್ ಚಟುವಟಿಕೆಯು ಒಮ್ಮೆಲೆ ಅಂಕೆ ಮೀರುವುದರಿಂದ ಬರುವ ರೋಗ. ಇದನ್ನು ತಡೆಯುವ ಗುಣ ಫಿನೋಬಾರ್ಬಿಟೋನ್ ಎಂಬ ಔಷಧಕ್ಕಿರುವುದು 1912ರಲ್ಲಿ ತಿಳಿದುಬಂದಿತು. ಇಂತಹ ಅಗ್ಗದ ಗುಳಿಗೆಗಳಿಂದಲೇ ಹಳ್ಳಿಗರ ರೋಗವನ್ನು ಹತೋಟಿಗೆ ತರಬಹುದೆಂಬುದನ್ನು ಕರ್ನಾಟಕದ ಯಳಂದೂರಿನಲ್ಲಿ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಆ ವರದಿಯು 2001ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ಗುಳಿಗೆಯು ಸೆಳೆತವನ್ನು ತಡೆಯುತ್ತದೆಯೇ ಹೊರತು ರೋಗದ ಬೇರನ್ನು ಕೀಳುವುದಿಲ್ಲ. ಆರು ತಿಂಗಳು ಮೂರ್ಛೆ ಬಾರದಿದ್ದರೆ ಗುಣವಾಯಿತೆಂದು ಭ್ರಮಿಸಿ ಔಷಧವನ್ನು ಬಿಟ್ಟುಬಿಡುವವರಿದ್ದಾರೆ. ಹಾಗೆ ಥಟ್ಟನೆ ನಿಲ್ಲಿಸಿದಾಗ ಸೆಳೆತವು ಬಿಡುವಿಲ್ಲದೆ ಒಂದರ ಮೇಲೊಂದು ಬಂದು ಪ್ರಾಣಕ್ಕೇ ಎರವಾಗಬಹುದು. ಸುಗ್ಗಿಯ ಕೆಲಸವಿದೆಯೆಂದೋ, ಧಾರವಾಡದ ರೈಲು ತಪ್ಪಿತೆಂದೋ ಗುಳಿಗೆ ತೀರುವವರೆಗೆ ಸುಮ್ಮನಿರುವುದೂ ಅಷ್ಟೇ ಅಪಾಯಕರ. ಒಂದು ಹೊತ್ತು ಮರೆತರೆ ಮರುಹೊತ್ತಿಗೆ ಎರಡನ್ನು ಒಟ್ಟಿಗೆ ನುಂಗಬಾರದು. ಮೈಮೇಲೆ ಗುಳ್ಳೆಗಳೆದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಸಾಮಾನ್ಯವಾಗಿ ಎರಡು ವರ್ಷಗಳಾದರೂ ಸೆಳೆತ ಬಾರದಿದ್ದರೆ ಮಾತ್ರ ವೈದ್ಯರು ಔಷಧವನ್ನು ಬಿಡಿಸುವ ಯೋಚನೆ ಮಾಡುತ್ತಾರೆ. ಆಗಲೂ ತಿಂಗಳುಗಟ್ಟಲೆ, ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ.