ಎಷ್ಟು ಹೊಲಿದರೆ ಕಂತು ಕಟ್ಟಬಹುದು?

ಪಿಯುಸಿ ಓದುವ ಮಗಳ ಗಣಿತ ಪುಸ್ತಕವನ್ನು ನೀವು ಎಂದಾದರೂ ತೆರೆದು ನೋಡಿದ್ದೀರಾ? ಅದರಲ್ಲಿ ‘ರೇಖಾತ್ಮಕ ಅಸಮತೆಗಳು’ ಎಂಬ ಪಾಠವಿದೆ. ಹೆಸರು ಕೇಳಿಯೇ ಪುಸ್ತಕ ಮುಚ್ಚಬೇಡಿ. ನೀವು ದಿನವೂ ಮನಸ್ಸಿನಲ್ಲೇ ಮಾಡುವ ಲೆಕ್ಕ ಅದು.

ಸಮೀಕರಣದಲ್ಲಿ ಎರಡೂ ಬದಿ ಸಮ. ಆದರೆ ಮನೆಯ ಲೆಕ್ಕ ಹಾಗೆ ಸಮನಾಗಿ ತೂಗುವುದು ಅಪರೂಪ. ‘ಕನಿಷ್ಠ ಇಷ್ಟಾದರೂ ಬೇಕು’, ‘ಹೆಚ್ಚೆಂದರೆ ಇಷ್ಟು’ ಎಂಬ ಮಾತುಗಳ ಮೇಲೆಯೇ ಸಂಸಾರ ನಡೆಯುತ್ತದೆ. ‘ಕನಿಷ್ಠ’ ಎಂಬುದಕ್ಕೆ ≥ ಚಿಹ್ನೆ, ‘ಹೆಚ್ಚೆಂದರೆ’ ಎಂಬುದಕ್ಕೆ ≤ ಚಿಹ್ನೆ. ಇಷ್ಟು ತಿಳಿದರೆ ಅರ್ಧ ಪಾಠ ಮುಗಿಯಿತು.

ನೆರೆಮನೆಯ ಸಹೋದರಿಯೊಬ್ಬರು ಮನೆಯಲ್ಲೇ ಚೂಡಿದಾರ ಹೊಲಿಯುತ್ತಾರೆ. ಮೋಟಾರ್ ಇರುವ ಹೊಸ ಯಂತ್ರ ಕೊಳ್ಳಬೇಕೆಂಬ ಆಸೆ. ಬೆಲೆ 18,000 ರೂಪಾಯಿ. ತಿಂಗಳಿಗೆ 1,800ರಂತೆ 10 ಕಂತು. “ಕಟ್ಟಲು ಆಗಬಹುದಾ ಟೀಚರ್?” ಎಂದು ಕೇಳಿದರು. ‘ಆಗಬಹುದು’ ಎಂಬ ಅಂದಾಜಿನ ಮೇಲೆ ಸಾಲ ಹೊತ್ತು ಕೊನೆಗೆ ಕಿವಿಯ ಓಲೆ ಮಾರಿದವರನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಕಾಗದ, ಪೆನ್ನು ಹಿಡಿದು ಕುಳಿತೆವು.

ಒಂದು ಚೂಡಿದಾರಕ್ಕೆ ಮಜೂರಿ 250 ರೂಪಾಯಿ. ನೂಲು, ಕರೆಂಟು ಎಂದು 50 ಹೋದರೆ ಉಳಿಯುವುದು 200. ಕಂತು 1,800, ಮಗಳ ಓದಿನ ಖರ್ಚಿಗೆ 1,200, ಒಟ್ಟು 3,000 ಬೇಕು. ತಿಂಗಳಿಗೆ ಹೊಲಿಯುವ ಚೂಡಿದಾರಗಳ ಸಂಖ್ಯೆಯನ್ನು ‘ಚ’ ಎನ್ನೋಣ. ಆಗ 200ಚ ≥ 3,000. ಎರಡೂ ಬದಿಯನ್ನು 200ರಿಂದ ಭಾಗಿಸಿದರೆ ಚ ≥ 15.

“ಹದಿನೈದು ತಾನೇ, ಹೊಲಿಯುತ್ತೇನೆ” ಎಂದರು. ಸಮಯದ ಲೆಕ್ಕ ಬಾಕಿಯಿತ್ತು. ಒಂದಕ್ಕೆ 4 ಗಂಟೆ ಬೇಕು. ಮನೆಗೆಲಸದ ನಡುವೆ ದಿನಕ್ಕೆ ಸಿಗುವುದು ಎರಡೂವರೆ ಗಂಟೆ. 26 ದಿನಕ್ಕೆ 65 ಗಂಟೆ. ಅಂದರೆ 4ಚ ≤ 65. ಚ ಹೆಚ್ಚೆಂದರೆ 16.25. ಕಾಲು ಚೂಡಿದಾರಕ್ಕೆ ಯಾರೂ ಹಣ ಕೊಡುವುದಿಲ್ಲ, ಆದ್ದರಿಂದ 16.

ಈಗ ನೋಡಿ: ಕನಿಷ್ಠ 15, ಹೆಚ್ಚೆಂದರೆ 16. ಲೆಕ್ಕದಲ್ಲಿ ಸಾಧ್ಯ. ಆದರೆ ಮಗುವಿಗೆ ಮೂರು ದಿನ ಜ್ವರ ಬಂದರೂ ಕಂತು ತಪ್ಪುತ್ತದೆ. ಅಸಮತೆ ಹೇಳಿಕೊಡುವ ದೊಡ್ಡ ಪಾಠ ಇದೇ. ಸಾಧ್ಯವೋ ಇಲ್ಲವೋ ಎಂಬುದರ ಜೊತೆಗೆ, ಉಸಿರಾಡಲು ಎಷ್ಟು ಜಾಗವಿದೆ ಎಂಬುದನ್ನೂ ಅದು ತೋರಿಸುತ್ತದೆ.

ಅವರು ಅಂಗಡಿಯವರಲ್ಲಿ ಮಾತನಾಡಿ 10 ಕಂತನ್ನು 15 ಮಾಡಿಸಿಕೊಂಡರು. ಒಟ್ಟು ಬೆಲೆ ಅದೇ 18,000, ಕಂತು 1,200. ಆಗ 200ಚ ≥ 2,400, ಚ ≥ 12. ಮರುತಿಂಗಳು ಮನೆಯಲ್ಲಿ ಕಾಯಿಲೆ ಬಂದು ಹೊಲಿದದ್ದು 13 ಮಾತ್ರ. ಆದರೂ ಕಂತು ತಪ್ಪಲಿಲ್ಲ.

ಮಕ್ಕಳು ಈ ಪಾಠದಲ್ಲಿ ಎಡವುವುದು ಒಂದೇ ಕಡೆ. ಕೈಯಲ್ಲಿ 9,000 ಇದೆ, ವಾರಕ್ಕೆ 1,500 ಖರ್ಚು, ಫೀಸಿಗೆ ಕನಿಷ್ಠ 3,000 ಉಳಿಯಬೇಕು. ವಾರಗಳನ್ನು ‘ವ’ ಎಂದರೆ 9,000 − 1,500ವ ≥ 3,000. ಅಂದರೆ −1,500ವ ≥ −6,000. ಋಣ ಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆ ತಿರುಗುತ್ತದೆ: ವ ≤ 4. ಯಾಕೆ ತಿರುಗುತ್ತದೆ? ಐದು ರೂಪಾಯಿ ಇರುವವರು ಮೂರು ರೂಪಾಯಿ ಇರುವವರಿಗಿಂತ ಮೇಲು. ಆದರೆ ಐದು ರೂಪಾಯಿ ಸಾಲ ಇರುವವರು ಮೂರು ರೂಪಾಯಿ ಸಾಲ ಇರುವವರಿಗಿಂತ ಕೆಳಗೆ. ಹೀಗೆ ಹೇಳಿದರೆ ಮಗಳು ಮರೆಯುವುದಿಲ್ಲ.

ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿ ಬೀಜಗಣಿತದ ಗ್ರಂಥ ಬರೆದಾಗ ಅದರ ದೊಡ್ಡ ಭಾಗವನ್ನು ವಾರಸು ಮತ್ತು ವಸಿಯ್ಯತ್ತಿನ ಲೆಕ್ಕಗಳಿಗೇ ಮೀಸಲಿಟ್ಟರು. ವ್ಯಾಪಾರಕ್ಕೂ ಜಮೀನು ಅಳೆಯುವುದಕ್ಕೂ ಈ ವಿದ್ಯೆ ಬೇಕೆಂದರು. ಬೀಜಗಣಿತ ಹುಟ್ಟಿನಿಂದಲೇ ಮನೆಗೆ ಹತ್ತಿರವಾದದ್ದು.

ಮುಂದಿನ ಬಾರಿ ಯಾರಾದರೂ ‘ಸುಲಭ ಕಂತು’ ಎಂದಾಗ, ಸಹಿ ಹಾಕುವ ಮೊದಲು ಎರಡು ಸಾಲು ಬರೆದು ನೋಡಿ: ಕನಿಷ್ಠ ಎಷ್ಟು ಬೇಕು, ಹೆಚ್ಚೆಂದರೆ ನನ್ನಿಂದ ಎಷ್ಟಾದೀತು? ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳ ಪಾಠವೂ ಆಗುತ್ತದೆ, ನಿಮ್ಮ ಮನೆಯ ಲೆಕ್ಕವೂ ಆಗುತ್ತದೆ.