ನಡುಮನೆಗೊಂದು ಕಂಪ್ಯೂಟರ್

“ನೀವು ಐಟಿಯಲ್ಲಿದ್ದೀರಲ್ಲ, ಮನೆಗೊಂದು ಕಂಪ್ಯೂಟರ್ ತಗೋಬೇಕು. ಮೂವತ್ತು ಸಾವಿರದೊಳಗೆ ಯಾವುದು ಒಳ್ಳೇದು ಹೇಳಿ?”

ಶೋಳಿಂಗನಲ್ಲೂರಿನಲ್ಲಿ ಪರಿಚಯವಾಗುವ ಕನ್ನಡದವರು ಊರು, ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲ ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆ ಇದು. ಸಾಫ್ಟ್‌ವೇರ್ ಬರೆಯುವವನಿಗೆ ಹಾರ್ಡ್‌ವೇರ್ ಗೊತ್ತಿರಲೇಬೇಕು ಎಂದೇನಿಲ್ಲ. ಆದರೂ ಕೇಳಿದವರ ಜೊತೆ ಅಂಗಡಿಗೆ ಹೋಗಿ, ಡಬ್ಬ ಬಿಚ್ಚಿಸಿ ನೋಡಿ, ಮನೆಗೆ ತಂದು ಜೋಡಿಸಿಕೊಟ್ಟು ಒಂದು ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ಮನೆಯ ದಿನನಿತ್ಯದ ಕೆಲಸಕ್ಕೆ ಹೊಸದಾದರೂ ಕಳಪೆಯಾದ ಕಂಪ್ಯೂಟರಿಗಿಂತ, ಆಫೀಸಿನಲ್ಲಿ ನಾಲ್ಕೈದು ವರ್ಷ ದುಡಿದು ಬಂದ ಒಳ್ಳೆಯ ದರ್ಜೆಯ ಕಂಪ್ಯೂಟರೇ ಮೇಲು. ಹಾಗೆ ಉಳಿಸಿದ ದುಡ್ಡನ್ನು ಪರದೆಗೆ ಹಾಕಿ.

ಹಾಗೇಕೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಫೋನ್ ಇದ್ದ ಮೇಲೆ ಇದೇಕೆ?

ಫೋನ್ ಒಬ್ಬರದು, ಲ್ಯಾಪ್‌ಟಾಪೂ ಒಬ್ಬರದೇ. ಆಫೀಸಿನ ಲ್ಯಾಪ್‌ಟಾಪನ್ನಂತೂ ಮನೆಯವರು ಮುಟ್ಟುವ ಹಾಗೇ ಇಲ್ಲ. ಡೆಸ್ಕ್‌ಟಾಪ್ ಇಡೀ ಮನೆಯದು. ನಡುಮನೆಯ ಮೂಲೆಯಲ್ಲಿ ಕೂತರೆ ಮಗು ಏನು ನೋಡುತ್ತಿದೆ ಎಂಬುದು ಅಡುಗೆಮನೆಯಿಂದಲೇ ಕಾಣುತ್ತದೆ. ಬಗ್ಗಿ ಕತ್ತು ನೋಯಿಸಿಕೊಳ್ಳುವುದೂ ತಪ್ಪುತ್ತದೆ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಕಾರಣವೂ ಇದೆ. ತಮಿಳುನಾಡಿನಲ್ಲಿ 2006ರ ಕಾನೂನಿನ ಪ್ರಕಾರ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರೆ. ಕಲಿಯಲಿ, ಒಳ್ಳೆಯದೇ. ಆದರೆ ಕನ್ನಡದ ಓದು ಬರಹ ಮನೆಯಲ್ಲಿ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ನಾಲ್ಕನೇ ಕ್ಲಾಸಿನ ನನ್ನ ಮಗಳು ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ, ಓದುವಾಗ ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ. ಅವನ್ನು ಫೋನಿನಲ್ಲಿ ಓದಲು ಹೋದರೆ ಪ್ರತಿ ಸಾಲಿಗೂ ಹಿಗ್ಗಿಸಿ ಎಳೆದಾಡಬೇಕು, ದೊಡ್ಡ ಪರದೆಯಲ್ಲಿ ಇಡೀ ಪುಟ ಒಟ್ಟಿಗೆ ಕಾಣುತ್ತದೆ.

2025ರ ಅಕ್ಟೋಬರ್ 14

ಈ ದಿನಾಂಕ ನೆನಪಿಟ್ಟುಕೊಳ್ಳಿ. ಅಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಮರುದಿನವೂ ಓಡುತ್ತದೆ, ಆದರೆ ಭದ್ರತೆಯ ತೂತುಗಳಿಗೆ ತೇಪೆ ಹಾಕುವವರಿಲ್ಲ. ಬ್ಯಾಂಕ್ ವ್ಯವಹಾರ ಮಾಡುವ ಮನೆಗೆ ಇದು ಸಣ್ಣ ಮಾತಲ್ಲ.

ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಷರತ್ತುಗಳಿವೆ. 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಎಲ್ಲರಲ್ಲೂ ಇರುತ್ತದೆ. ತೊಡಕಾಗುವುದು ಇನ್ನೆರಡು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಜೊತೆಗೆ ಇಂಟೆಲ್ ಆದರೆ, ಕೆಲವೇ ಅಪವಾದ ಬಿಟ್ಟು, 8ನೇ ತಲೆಮಾರು ಅಥವಾ ಮುಂದಿನದು, ಎಎಂಡಿ ಆದರೆ ಹೆಚ್ಚುಕಡಿಮೆ ರೈಜನ್ 2000 ಸಾಲಿನಿಂದ ಮುಂದಿನದು ಇರಬೇಕು.

ಇದರಿಂದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಎರಡು ಪಾಲಾಗಿದೆ. ಗೆರೆಯ ಆಚೆಗಿರುವ ಹಳೆಯ ಕಂಪ್ಯೂಟರುಗಳನ್ನು ಸಿಕ್ಕ ಬೆಲೆಗೆ ಸಾಗಹಾಕುತ್ತಿದ್ದಾರೆ. ಜಾಹೀರಾತಿನಲ್ಲಿ ಅವು ಬಲು ಚೆಂದ ಕಾಣುತ್ತವೆ: “ಐ7, 16 ಜಿಬಿ, ಎಸ್‌ಎಸ್‌ಡಿ, ಕಡಿಮೆ ಬೆಲೆ!” ನಮ್ಮ ಅಪಾರ್ಟ್‌ಮೆಂಟಿನ ಹಾಸನದ ದಂಪತಿ ಇಂಥದ್ದನ್ನೇ ಆನ್‌ಲೈನಿನಲ್ಲಿ ತರಿಸಿದರು. ಬಂದದ್ದು ಐ7-4770. 2013ರ ಪ್ರೊಸೆಸರ್ ಅದು. ಅಂಗಡಿಯವ ಹೇಗೋ ವಿಂಡೋಸ್ 11 ತುರುಕಿ ಕಳಿಸಿದ್ದ. ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ “ಈ ಪಿಸಿ ಅರ್ಹವಲ್ಲ” ಎಂಬ ಸಂದೇಶ ಬಂತು. ಅಷ್ಟು ಹೊತ್ತಿಗೆ ವಾಪಸ್ ಕೊಡುವ ಗಡುವು ಮುಗಿದಿತ್ತು.

ಸಂಖ್ಯೆ ಓದುವುದು ಕಲಿತರೆ ಈ ಮೋಸದಿಂದ ಪಾರಾಗಬಹುದು. ಐ3, ಐ5, ಐ7 ಎನ್ನುವುದು ದರ್ಜೆ. ಅದರ ಮುಂದಿನ ಸಂಖ್ಯೆಯಲ್ಲಿ ಕೊನೆಯ ಮೂರು ಅಂಕಿ ಬಿಟ್ಟು ಮೊದಲಿಗೆ ಉಳಿಯುವುದು ತಲೆಮಾರು. ಐ7-4770 ನಾಲ್ಕನೆಯದು, ಐ5-8500 ಎಂಟನೆಯದು, ಐ5-10500 ಹತ್ತನೆಯದು. “ಐ7” ಎಂದಷ್ಟೇ ಬರೆದು ಪೂರ್ತಿ ಸಂಖ್ಯೆ ಹೇಳದ ಅಂಗಡಿಯಿಂದ ಮುಂದೆ ನಡೆಯಿರಿ. ಮನೆಕೆಲಸಕ್ಕೆ 8ನೇ ತಲೆಮಾರಿನ ಐ3-8100 ಕೂಡ ಸಾಕು, 4ನೇ ತಲೆಮಾರಿನ ಐ7 ಬೇಡ.

ನಮ್ಮದೇ ಆಫೀಸುಗಳ ಕಂಪ್ಯೂಟರುಗಳು

ಓಎಂಆರ್ ಉದ್ದಕ್ಕೂ ಇರುವ ಕಂಪನಿಗಳು ಕಂಪ್ಯೂಟರುಗಳನ್ನು ಹೆಚ್ಚಾಗಿ ಗುತ್ತಿಗೆಗೆ ತರುತ್ತವೆ. ಕೆಲವು ವರ್ಷಗಳ ನಂತರ ಅವು ರಾಶಿಯಾಗಿ ಹೊರಬೀಳುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್ ಮತ್ತು ಪ್ರೋಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಈ ಜಾತಿಯವು. ದಿನವಿಡೀ ಓಡಲೆಂದೇ ಕಟ್ಟಿದ ಯಂತ್ರಗಳು, ಎಸಿ ಕೋಣೆಯಲ್ಲಿ ಬದುಕಿದವು. ಚಿಕ್ಕ ಬೀರುವಿನಂಥ ಡಬ್ಬ, ಸದ್ದು ಕಡಿಮೆ. ಅದೇ ಬೆಲೆಯ ಹೊಸ ಜೋಡಣೆಯ ಕಂಪ್ಯೂಟರಿನಲ್ಲಿ ದುಡ್ಡು ಉಳಿಸಲು ಮೊದಲು ಕತ್ತರಿ ಬೀಳುವುದು ವಿದ್ಯುತ್ ಪೂರೈಕೆಯ ಪೆಟ್ಟಿಗೆಗೆ. ಮೊದಲು ಕೈಕೊಡುವುದೂ ಅದೇ.

2025ರ ಕೊನೆಯಿಂದ ಇನ್ನೊಂದು ಕಾರಣ ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ಜಿಗಿಯಿತು. ಆದ್ದರಿಂದ “ಆಮೇಲೆ ಹಾಕಿಸೋಣ” ಎನ್ನುವ ಹಳೆಯ ಲೆಕ್ಕ ಈಗ ನಡೆಯದು. 8 ಜಿಬಿ ಕನಿಷ್ಠ. 16 ಜಿಬಿ ಇರುವ ಯಂತ್ರ ಸ್ವಲ್ಪವೇ ಹೆಚ್ಚಿಗೆ ಸಿಕ್ಕರೆ ಅದನ್ನೇ ಹಿಡಿಯಿರಿ. ಸಂಗ್ರಹಕ್ಕೆ 256 ಜಿಬಿಯ ಎಸ್‌ಎಸ್‌ಡಿ ಸಾಕು, ಆದರೆ ಎಸ್‌ಎಸ್‌ಡಿಯೇ ಆಗಬೇಕು. ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ವಿಂಡೋಸ್ 11 ಎದ್ದು ಕೂರುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದು.

ರಿಚಿ ಸ್ಟ್ರೀಟಿನಲ್ಲಿ ಏನು ನೋಡಬೇಕು

ಬೆಂಗಳೂರಿನವರಿಗೆ ಎಸ್‌.ಪಿ. ರೋಡ್ ಹೇಗೋ ಚೆನ್ನೈಗೆ ರಿಚಿ ಸ್ಟ್ರೀಟ್ ಹಾಗೆ. ಅಣ್ಣಾ ಸಾಲೈ ಪಕ್ಕ, ಚಿಂತಾದ್ರಿಪೇಟೆ ಕಡೆಯ ಇಕ್ಕಟ್ಟಿನ ಗಲ್ಲಿಗಳು. ಶೋಳಿಂಗನಲ್ಲೂರಿನಿಂದ ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಮೆಟ್ರೋ ಕಾಮಗಾರಿಯ ಓಎಂಆರ್ ದಾಟಿ ಹೋಗಿ ಬರುವುದರಲ್ಲಿ ಅರ್ಧ ದಿನ ಹೋಗುತ್ತದೆ. ಆದರೂ ಹೋಗಿ, ಏಕೆಂದರೆ ಮುಂದಿನ ಪರೀಕ್ಷೆಗಳನ್ನು ಯಂತ್ರದ ಎದುರು ಕೂತೇ ಮಾಡಬೇಕು.

ಮೊದಲನೆಯದು, “ಎಲ್ಲ ಅಳಿಸಿ ಹೊಸದಾಗಿ ಶುರುಮಾಡಿ ತೋರಿಸಿ” ಎನ್ನಿ. ವೈಫೈ ಅಥವಾ ಕೇಬಲ್ ಸಿಕ್ಕಿಸಿ ವಿಂಡೋಸ್ ಸಿದ್ಧಪಡಿಸುವಾಗ ಯಾವುದಾದರೂ ಕಂಪನಿಯ ಹೆಸರು ಬಂದು ಆ ಕಂಪನಿಯ ಈಮೇಲ್ ಕೇಳಿದರೆ, ಯಂತ್ರ ಇನ್ನೂ ಆ ಕಂಪನಿಯ ಪಟ್ಟಿಯಲ್ಲೇ ಇದೆ ಎಂದರ್ಥ. ಅದನ್ನು ಬಿಡಿಸಲು ಆ ಕಂಪನಿಯವರಿಂದ ಮಾತ್ರ ಸಾಧ್ಯ. ಎಷ್ಟೇ ಅಗ್ಗವಿದ್ದರೂ ಕೊಳ್ಳಬೇಡಿ. ಬಯೋಸ್‌ಗೆ ಪಾಸ್‌ವರ್ಡ್ ಇದ್ದರೂ ಅಷ್ಟೇ.

ಎರಡನೆಯದು, ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟ. ಅಲ್ಲಿ ಡಿಜಿಟಲ್ ಲೈಸೆನ್ಸ್‌ನಿಂದ ಸಕ್ರಿಯವಾಗಿದೆ ಎಂದಿರಬೇಕು.

ಮೂರನೆಯದು, ವಿಂಡೋಸ್ ಸೆಕ್ಯುರಿಟಿಯೊಳಗೆ ಡಿವೈಸ್ ಸೆಕ್ಯುರಿಟಿ ತೆರೆದರೆ ಟಿಪಿಎಂ ಆವೃತ್ತಿ ಕಾಣುತ್ತದೆ. 2.0 ಇರಬೇಕು.

ನಾಲ್ಕನೆಯದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ, ಆರೋಗ್ಯ ಹೇಗಿದೆ ಎಂದು ಅದು ತೋರಿಸುತ್ತದೆ.

ಕೊನೆಯದು ಬಿಲ್. ಯಂತ್ರದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಮತ್ತು ಎಷ್ಟು ತಿಂಗಳ ವಾರಂಟಿ ಎಂಬುದು ಕಾಗದದ ಮೇಲೆ ಇರಲಿ. ಬಾಯಿಮಾತಿನ ವಾರಂಟಿ ಗಲ್ಲಿ ದಾಟುವವರೆಗೆ.

ಕೈಚೀಲಕ್ಕೆ ಹಾಕಿಕೊಳ್ಳಬೇಕಾದ ಸಣ್ಣಪುಟ್ಟ ಸಾಮಾನೂ ಇವೆ. ಆಫೀಸಿನ ಕಂಪ್ಯೂಟರುಗಳಲ್ಲಿ ಅನೇಕಕ್ಕೆ ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಇರುತ್ತದೆ. ಹೊಂದುವ ಕೇಬಲ್ ಅಲ್ಲೇ ಕೊಳ್ಳಿ. ವೈಫೈ ಇಲ್ಲದಿದ್ದರೆ ಯುಎಸ್‌ಬಿ ವೈಫೈ ತುಣುಕು ಬೇಕು. ಕ್ಯಾಮೆರಾ, ಸ್ಪೀಕರ್ ಬೇರೆಯಾಗಿಯೇ ತರಬೇಕು. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು ಡಬ್ಬದ ಖರ್ಚು ನಿಮ್ಮ ಬಜೆಟ್ಟಿನ ಅರ್ಧ ಮೀರದಂತೆ ನೋಡಿಕೊಳ್ಳಿ.

ಒತ್ತಕ್ಷರ ಕಾಣುವ ಪರದೆ

ಉಳಿದ ಅರ್ಧದಲ್ಲಿ ದೊಡ್ಡ ಪಾಲು ಪರದೆಯದು. ಡಬ್ಬದ ಜೊತೆ ಅಂಗಡಿಯವರು ಹತ್ತೊಂಬತ್ತು ಇಂಚಿನ ಹಳೆಯ ಮಾನಿಟರನ್ನು “ಫ್ರೀ” ಎಂದು ಸೇರಿಸುತ್ತಾರೆ. ಅವುಗಳಲ್ಲಿ ಹಲವು 1366×768 ಚುಕ್ಕೆಗಳವು. ಇಂಗ್ಲಿಷ್ ಓದಲು ಹೇಗೋ ನಡೆಯುತ್ತದೆ. ಕನ್ನಡಕ್ಕೆ ಸಾಲದು. ನಮ್ಮ ಅಕ್ಷರದ ಮೇಲೆ ಗುಣಿತ, ಕೆಳಗೆ ಒತ್ತು, ಅದರ ಪಕ್ಕ ಅರ್ಕಾವತ್ತು. ಅದೇ ಸಾಲಿನ ಎತ್ತರದಲ್ಲಿ ಇಷ್ಟೆಲ್ಲ ಹಿಡಿಸಬೇಕು. ಪ ಮತ್ತು ಫ, ದ ಮತ್ತು ಧ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟು. ಚುಕ್ಕೆ ಕಡಿಮೆಯಾದರೆ ಆ ಗೀಟೇ ಮಾಯ. ಓದಲು ಕಲಿಯುತ್ತಿರುವ ಮಗುವಿಗೂ ಕಣ್ಣು ಮಂಜಾದ ಅಜ್ಜನಿಗೂ ಅದು ಬಹಳ ಮುಖ್ಯ.

22ರಿಂದ 24 ಇಂಚು, 1920×1080 ಚುಕ್ಕೆ, ಐಪಿಎಸ್ ಬಗೆಯದು. ಇದನ್ನು ಮಾತ್ರ ಹೊಸದಾಗಿ, ಕಂಪನಿ ವಾರಂಟಿಯೊಂದಿಗೆ ಕೊಳ್ಳಿ. ಡಬ್ಬ ಬದಲಾದರೂ ಪರದೆ ಹತ್ತು ವರ್ಷ ಉಳಿಯಬಹುದು.

ಕನ್ನಡ ಬರೆಯಲು

ವಿಂಡೋಸ್ 11ರಲ್ಲಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಎರಡೂ ಕೀಲಿಮಣೆ ಸಿಗುತ್ತವೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಬದಲಿಸಿಕೊಳ್ಳಬಹುದು. ನುಡಿಯಲ್ಲಿ ಕೈ ಪಳಗಿದವರಿಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಹಿತ. ‘ಎಫ್’ ಒತ್ತಿದರೆ ಒತ್ತಕ್ಷರ ಮೂಡುವ ಆ ಅಭ್ಯಾಸ ಬೆರಳಿನಿಂದ ಹೋಗುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಈಗ ಯೂನಿಕೋಡಿನಲ್ಲೂ ಬರೆಯುತ್ತದೆ.

ಇಲ್ಲಿ ನನ್ನ ಮಾವನವರ ವಿಷಯ ಹೇಳಬೇಕು. ಶಿವಮೊಗ್ಗದಲ್ಲಿ ಮೇಷ್ಟರಾಗಿದ್ದವರು, ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದಾರೆ. ಜೊತೆಗೆ ತಂದದ್ದು ಎರಡು ಸೂಟ್‌ಕೇಸ್ ಮತ್ತು ತಮ್ಮ ಹಳೆಯ ಸಿಪಿಯು. ಅದರೊಳಗೆ ತಮ್ಮೂರಿನ ಬಗ್ಗೆ, ಮುಳುಗಡೆಯಾದ ಗದ್ದೆಗಳ ಬಗ್ಗೆ ಹಳೆಯ ನುಡಿಯಲ್ಲಿ ಬರೆದ ಮುನ್ನೂರು ಪುಟಗಳಿದ್ದವು. ಹೊಸ ಕಂಪ್ಯೂಟರಿನಲ್ಲಿ ಆ ಕಡತ ತೆರೆದಾಗ ಬಂದದ್ದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಅವರು ಕನ್ನಡಕ ತೆಗೆದು ಸುಮ್ಮನೆ ಕೂತರು.

ಕಡತ ಹಾಳಾಗಿರಲಿಲ್ಲ. ಹಳೆಯ ನುಡಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಬಳಸುತ್ತಿತ್ತು, ಅದಕ್ಕೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡ ಕಾಣದು. ಇದನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಮಾವ ಓದಿದರು, ಮಗಳು ತಿದ್ದಿದಳು. ಮುನ್ನೂರು ಪುಟಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳ ಒತ್ತಕ್ಷರದ ತಡವರಿಕೆ ಸುಮಾರು ಹೋಗಿತ್ತು.

ಊರಿನಲ್ಲಿ ಯಾರ ಮನೆಯಲ್ಲಾದರೂ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮಾತು ಬಂದರೆ ಮೊದಲು ಇದನ್ನು ಕೇಳಿ: ಅದರಲ್ಲಿ ಯಾರಾದರೂ ಕನ್ನಡದಲ್ಲಿ ಏನಾದರೂ ಬರೆದಿದ್ದರೇ? ಕಡತ ತೆಗೆದುಕೊಂಡ ಮೇಲೆ ಆ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಕಡಲ ಪಕ್ಕದ ಊರಿಗೆ

ಶೋಳಿಂಗನಲ್ಲೂರಿನಿಂದ ಬಕಿಂಗ್‌ಹ್ಯಾಮ್ ಕಾಲುವೆ ದಾಟಿ ಸ್ವಲ್ಪ ಹೋದರೆ ಸಮುದ್ರ. ಉಪ್ಪು ಗಾಳಿ ಮನೆಯೊಳಗೂ ಬರುತ್ತದೆ. ಡಬ್ಬವನ್ನು ಕಿಟಕಿಯ ಪಕ್ಕ ಇಡಬೇಡಿ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಓಡಿಸಿ, ಒಳಗಿನ ಬಿಸಿ ತೇವವನ್ನು ಒಣಗಿಸುತ್ತದೆ. ನೆಲಮಹಡಿಯವರು ನೆಲದ ಮೇಲಂತೂ ಇಡಲೇಬಾರದು. 2015ರ ಡಿಸೆಂಬರಿನ ನೆರೆ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ಕಂಡವರಿಗೆ ಇದನ್ನು ಹೇಳಬೇಕಿಲ್ಲ.

ಒಂದು ಸಣ್ಣ ಯುಪಿಎಸ್ ಅಗತ್ಯ. ಕೆಲಸ ಮುಂದುವರಿಸಲಿಕ್ಕಲ್ಲ, ಉಳಿಸಿ ಆರಿಸಲಿಕ್ಕೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಎಂಬ ಗುಂಡಿ ಇದೆಯೇ ನೋಡಿ. ಅದನ್ನು ಹಾಕಿದರೆ ಕರೆಂಟ್ ಹೋದಾಗ ಕಂಪ್ಯೂಟರ್ ಆರದಷ್ಟು ಬೇಗ ಇನ್ವರ್ಟರ್ ಹಿಡಿದುಕೊಳ್ಳುತ್ತದೆ. ಬಿಲ್ಲಿನ ಚಿಂತೆ ಬೇಡ. ಇಂಥ ಯಂತ್ರ ಮತ್ತು ಪರದೆ ಸೇರಿ ಸಾಧಾರಣ ಕೆಲಸಕ್ಕೆ 60 ವ್ಯಾಟ್ ಆಸುಪಾಸು. ದಿನಕ್ಕೆ ಐದು ಗಂಟೆ ಎಂದರೂ ಎರಡು ತಿಂಗಳ ಇಬಿ ಬಿಲ್ಲಿಗೆ 18 ಯೂನಿಟ್.

ಮಾವನವರ ಮುನ್ನೂರು ಪುಟಗಳ ಒಂದು ಪ್ರತಿ ಈಗ ಹೊರಗಿನ ಡಿಸ್ಕಿನಲ್ಲಿದೆ, ಇನ್ನೊಂದು ಶಿವಮೊಗ್ಗದ ಬಾಮೈದನ ಹತ್ತಿರ. ಕಂಪ್ಯೂಟರ್ ಕೊಳ್ಳುವ ದಿನವೇ ಒಂದು ಹೊರಗಿನ ಡಿಸ್ಕ್ ಕೂಡ ಕೊಳ್ಳಿ. ಯಂತ್ರ ಕೆಟ್ಟರೆ ರಿಚಿ ಸ್ಟ್ರೀಟಿನಲ್ಲಿ ಇನ್ನೊಂದು ಸಿಗುತ್ತದೆ, ಒಳಗಿರುವ ಬರಹ ಸಿಗುವುದಿಲ್ಲ.